ಎಲೆಯುದುರುವ ಕಾಡಿನ ಜೀವಧರ್ಮ



ನಿತ್ಯವೂ ಇಷ್ಟಲಿಂಗಪೂಜೆಗೆ ಬಿಲ್ವದಳವನ್ನು ಕೊಯ್ಯುವವರಿಗೆ ಒಂದು ಸಂಗತಿಯು ತಿಳಿದೇ ಇರುವುದು. ಮಳೆಗಾಲದಲ್ಲಿ ಕೊಂಬೆ ಕಾಣದಷ್ಟು ದಟ್ಟವಾಗಿದ್ದ ಬಿಲ್ವವೃಕ್ಷವು ಬೇಸಗೆ ಬಂತೆಂದರೆ ಎಲೆಗಳನ್ನು ಕಳಚಿ, ಮುಳ್ಳನ್ನೂ ಕಾಯಿಯನ್ನೂ ಮಾತ್ರ ಉಳಿಸಿಕೊಂಡು ಬರಿದಾಗಿ ನಿಲ್ಲುವುದು. ಆ ಕೆಲವು ದಿನಗಳಲ್ಲಿ ದಳವನ್ನು ಹುಡುಕಿಕೊಂಡು ಮರದಿಂದ ಮರಕ್ಕೆ ಹೋಗಬೇಕಾಗುವುದು. ಹೊಸಬನು ನೋಡಿದರೆ ಮರವು ಒಣಗಿ ಹೋಯಿತೆಂದೇ ಭ್ರಮಿಸಬಹುದು. ಆದರೆ ಮುಂಗಾರು ಹಿಡಿಯುವುದಕ್ಕೆ ಮುಂಚೆಯೇ, ನೆಲವು ಇನ್ನೂ ಕಾದ ಹೆಂಚಿನಂತಿರುವಾಗಲೇ, ಅದೇ ಕೊಂಬೆಗಳಲ್ಲಿ ಎಳೆಯ ತ್ರಿದಳಗಳು ಮೂಡುವುವು.

ಎಲೆಯನ್ನು ಕಳೆದುಕೊಳ್ಳುವುದು ಮರಕ್ಕೆ ಸೋಲೋ, ಬಾಳುವ ಉಪಾಯವೋ ಎಂಬುದೇ ಇಂದಿನ ವಿಚಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಎಂಬ ಮೂರು ತಾಲ್ಲೂಕುಗಳ ಕಾಡಿನಲ್ಲಿ ಗಿಡಮರಗಳೂ ಪಶುಪಕ್ಷಿಗಳೂ ಕ್ರಿಮಿಕೀಟಗಳೂ ವರ್ಷದ ಒಣದಿನಗಳನ್ನು ಹೇಗೆ ದಾಟುವುವು, ಆ ಕಾಡನ್ನೇ ನೆಚ್ಚಿದ ಒಕ್ಕಲುಮಕ್ಕಳು ಅವುಗಳ ನಡುವೆ ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದನ್ನು ಕ್ರಮವಾಗಿ ಪರ್ಯಾಲೋಚಿಸಬಹುದು.

ಮೊದಲು ಈ ಸೀಮೆಯ ಮಳೆಯನ್ನು ಕುರಿತು ಎರಡು ಮಾತು. ಘಟ್ಟದ ಅಂಚಿನಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾದ ಮಳೆಯಾಗುವುದು. ಹೊಸನಗರದ ಹುಲಿಕಲ್ಲು, ನಗರಗಳ ಕಡೆಯಲ್ಲಿಯೂ, ಸಾಗರದ ಕಾರ್ಗಲ್ಲಿನ ಪಶ್ಚಿಮದಲ್ಲಿಯೂ ಮಳೆಯು ಬಹಳ. ಅಲ್ಲಿಯ ಕಾಡು ಸದಾ ಹಸುರು. ಅಲ್ಲಿಂದ ಪೂರ್ವಕ್ಕೆ ಮಂಡಗದ್ದೆ, ರಿಪ್ಪನ್‌ಪೇಟೆ, ಆನಂದಪುರಗಳತ್ತ ಬಂದಂತೆಲ್ಲ ಮಳೆಯು ಬೇಗ ಬೇಗನೆ ಕಡಮೆಯಾಗುವುದು. ಕಾಡಿನ ಬಣ್ಣವೂ ಬದಲಾಗುವುದು. ತೇಗ, ನಂದಿ, ಮತ್ತಿ, ಹುಣಾಲು, ಹೊನ್ನೆ, ಬೀಟೆ, ತಾರೆ, ಬೂರುಗ, ಕವಲು ಮುಂತಾದ ಎಲೆಯುದುರುವ ಮರಗಳ ರಾಜ್ಯವು ಇಲ್ಲಿಂದ ಮೊದಲಾಗುವುದು. 1974ರಲ್ಲಿ ಘೋಷಿತವಾದ ಶೆಟ್ಟಿಹಳ್ಳಿಯ ಅಭಯಾರಣ್ಯದಲ್ಲಿ ಇಂತಹ ಕಾಡನ್ನು ವಿಸ್ತಾರವಾಗಿ ಕಾಣಬಹುದು. ನೀರು ನಿಲ್ಲುವ ತಂಪುಕಣಿವೆಗಳಲ್ಲಿ ಮಾತ್ರ ನಿತ್ಯಹರಿತವಾದ ಕಾನುಗಳು ನಡುನಡುವೆ ಉಳಿದಿರುವುವು. 1499ರಿಂದ 1763ರ ವರೆಗೆ ಈ ನಾಡನ್ನು ಕೆಳದಿ, ಇಕ್ಕೇರಿ, ಬಿದನೂರುಗಳಿಂದ ಆಳಿದ ಕೆಳದಿಯ ಅರಸರಿಗೆ ಈ ಕಾಡೇ ಕೋಟೆಯ ಹೊರಗೋಡೆಯಾಗಿದ್ದಿತು.

ಈ ಕಾಡಿನ ಮೇಲೆ ಜೂನ್ ತಿಂಗಳಿಂದ ಸೆಪ್ಟೆಂಬರಿನ ವರೆಗೆ ಆಕಾಶವೇ ಹರಿದು ಬೀಳುವುದು. ಡಿಸೆಂಬರಿನಿಂದ ಮಾರ್ಚಿನ ವರೆಗೆ ಬಹುತೇಕ ಒಂದು ಹನಿಯೂ ಬೀಳದು. ಮಳೆಗೆ ಹೆದರದೆ ಬದುಕುವುದು ಇಲ್ಲಿ ಅರ್ಧ ವಿದ್ಯೆ ಮಾತ್ರ. ಮಳೆಯಿಲ್ಲದ ದಿನಗಳನ್ನು ಕಳೆಯುವುದು ಉಳಿದರ್ಧ.

ಎಲೆಯೆಂಬುದು ಮರದ ಅಡಿಗೆಯ ಮನೆ. ಬಿಸಿಲನ್ನೂ ಗಾಳಿಯನ್ನೂ ನೀರನ್ನೂ ಕೂಡಿಸಿ ಅದು ಅನ್ನವನ್ನು ಸಿದ್ಧಪಡಿಸುವುದು. ಗಾಳಿಯನ್ನು ಒಳಗೆ ತೆಗೆದುಕೊಳ್ಳುವುದಕ್ಕಾಗಿ ಎಲೆಯಲ್ಲಿ ಕಣ್ಣಿಗೆ ಕಾಣದ ಅಸಂಖ್ಯಾತ ರಂಧ್ರಗಳಿರುವುವು; ಆ ರಂಧ್ರಗಳಿಂದಲೇ ನೀರು ಆವಿಯಾಗಿ ಹೊರಟುಹೋಗುವುದು. ಮಳೆಗಾಲದಲ್ಲಿ ಈ ನಷ್ಟವು ಲೆಕ್ಕಕ್ಕೆ ಬಾರದು. ಮಾಘ ಫಾಲ್ಗುಣಗಳಲ್ಲಿ ನೆಲದ ಮೇಲ್ಪದರವು ಒಣಗಿದಾಗ ಅದೇ ಎಲೆಯು ಮರಕ್ಕೆ ಪ್ರಾಣಾಂತಿಕವಾಗುವುದು. ಆದುದರಿಂದ ಮರವು ಎಲೆಯನ್ನು ಬಿಡುವುದು. ಆದರೆ ಬಿಡುವ ಮುನ್ನ ಮಾಡುವ ಕೆಲಸವು ಗಮನಿಸತಕ್ಕದ್ದು. ಎಲೆಯಲ್ಲಿದ್ದ ಸಾರಾಂಶದ ಬಹುಭಾಗವನ್ನು, ಮುಖ್ಯವಾಗಿ ಸಾರಜನಕ ಮತ್ತು ರಂಜಕಗಳನ್ನು, ಅದು ಕಾಂಡಕ್ಕೆ ಹಿಂತೆಗೆದುಕೊಳ್ಳುವುದು. ಹಸುರು ಕಳೆದ ಎಲೆಯು ಹಳದಿಯೋ ಕೆಂಪೋ ಆಗಿ ಕಾಣುವುದು ಆಗಲೇ. ಬಳಿಕ ತೊಟ್ಟಿನ ಬುಡದಲ್ಲಿ ಬೆಂಡಿನಂತಹ ತೆಳುವಾದ ಪದರವೊಂದು ಬೆಳೆದು ಗಾಯವನ್ನು ಮುಂಚಿತವಾಗಿಯೇ ಮುಚ್ಚುವುದು. ಅನಂತರ ಸಣ್ಣ ಗಾಳಿ ಬೀಸಿದರೂ ಸಾಕು, ಎಲೆಯು ಕಳಚಿಕೊಳ್ಳುವುದು. ಮೊರದಗಲದ ತೇಗದೆಲೆಯು ಸದ್ದು ಮಾಡುತ್ತ ನೆಲಕ್ಕಿಳಿಯುವುದನ್ನು ಈ ಸೀಮೆಯಲ್ಲಿ ಕೇಳದವರಿಲ್ಲ.

ದುಡಿಮೆಗೂ ವಿಶ್ರಾಂತಿಗೂ ಹೀಗೆ ಕಾಲವನ್ನು ಹಂಚಿಕೊಂಡುದರ ಗುರುತು ತೇಗದ ಮೈಯಲ್ಲಿಯೇ ಉಳಿಯುವುದು. ಬೆಳೆವಣಿಗೆಯ ಆರಂಭದಲ್ಲಿ ದೊಡ್ಡ ನಾಳಗಳೂ ಅನಂತರ ಬಿಗಿಯಾದ ಕಟ್ಟಿಗೆಯೂ ಉಂಟಾಗುವುದರಿಂದ ಅದರ ಕಾಂಡದಲ್ಲಿ ವರ್ಷಕ್ಕೊಂದರಂತೆ ಉಂಗುರಗಳು ಮೂಡುವುವು. ಬಲ್ಲವರು ಆ ಉಂಗುರಗಳ ಅಗಲವನ್ನು ಅಳೆದು ಗತಕಾಲದ ಮಳೆಯ ಏರಿಳಿತಗಳನ್ನು ಓದಬಲ್ಲರು.

ಎಲೆ ಉದುರಿದ ಮಾತ್ರಕ್ಕೆ ಕಾಡಿನ ಕೆಲಸವೆಲ್ಲ ನಿಂತಿತೆಂದು ತಿಳಿಯಬಾರದು. ಬೂರುಗವೂ ಮುತ್ತುಗವೂ ಎಲೆಯಿಲ್ಲದ ಕೊಂಬೆಗಳಲ್ಲಿಯೇ ಹೂವಾಗುವುವು. ಎಲೆಯ ಮರೆಯಿಲ್ಲದುದರಿಂದ ಆ ಕೆಂಪುರಾಶಿಯು ದೂರದಿಂದಲೇ ಹಕ್ಕಿಗಳ ಕಣ್ಣಿಗೆ ಬೀಳುವುದು. ಬೂರುಗದ ಬಟ್ಟಲಿನಂತಹ ಹೂವಿನಲ್ಲಿ ಮಧು ತುಂಬಿರುವುದು; ಕಾಗೆ, ಗೊರವಂಕ, ಅಳಿಲು, ಮುಸುವ ಎಲ್ಲವೂ ನೆರೆದು ಸವಿಯುವುವು; ಹೋಗುವಾಗ ಪರಾಗವನ್ನು ಮೈಗೆ ಹಚ್ಚಿಕೊಂಡು ಇನ್ನೊಂದು ಮರಕ್ಕೆ ಒಯ್ಯುವುವು. ಕವಲಿನ ಹೂವು ರಾತ್ರಿ ಅರಳುವುದು. ಅದರ ಅತಿಥಿ ಬಾವಲಿ. ನೀರು ಬತ್ತಿದ ದಿನಗಳಲ್ಲಿ ಹೀಗೆ ಮರಗಳೇ ಅರವಟ್ಟಿಗೆಯನ್ನಿಟ್ಟಂತಾಗುವುದು.

ಬೀಜಪ್ರಸಾರಕ್ಕೂ ಈ ಒಣಗಾಳಿಯೇ ಸಾಧನ. ಹೊನ್ನೆಯ ಕಾಯಿಯು ಬಿಲ್ಲೆಯಂತೆ ಚಪ್ಪಟೆಯಾಗಿ ಸುತ್ತಲೂ ರೆಕ್ಕೆಯನ್ನು ಪಡೆದಿರುವುದು. ಮತ್ತಿಯ ಕಾಯಿಗೆ ಐದು ರೆಕ್ಕೆ. ಹುಣಾಲಿನ ಕೆಂಗಾಯಿಗಳು ಚಳಿಗಾಲದಲ್ಲಿ ಗುಡ್ಡಕ್ಕೆಲ್ಲ ಕಾವಿಯ ಬಣ್ಣವನ್ನು ಕೊಡುವುವು. ಬೂರುಗದ ಬೀಜವು ಅರಳೆಯ ಮೇಲೇರಿ ತೇಲುವುದು. ಕಾಡಿನ ಮೇಲ್ಚಪ್ಪರವು ತೆರವಾಗಿರುವಾಗಲೇ ಗಾಳಿಯು ಒಳನುಗ್ಗಿ ಇವುಗಳನ್ನು ದೂರಕ್ಕೆ ಎರಚುವುದು. ಬಿದ್ದ ಕೆಲವೇ ವಾರಗಳಲ್ಲಿ ಮಳೆಯು ಬಂದು ಮೊಳಕೆಯನ್ನೆಬ್ಬಿಸುವುದು.

ಬೇಸಗೆಯ ಇನ್ನೊಂದು ಭಯವು ಬೆಂಕಿ. ಕವಲು, ಮತ್ತಿಗಳ ತೊಗಟೆಯು ದಪ್ಪವಾದ ಕವಚ. ಮತ್ತಿಯದಂತೂ ಮೊಸಳೆಯ ಬೆನ್ನಿನಂತೆ ಬಿರುಕುಬಿಟ್ಟಿರುವುದು. ನೆಲವನ್ನು ಸವರಿಹೋಗುವ ಸಣ್ಣ ಬೆಂಕಿಯನ್ನು ಇವು ತಾಳಿಕೊಳ್ಳಬಲ್ಲುವು. ಕೆಲವು ಮತ್ತಿಮರಗಳ ಕಾಂಡವು ಉಬ್ಬಿ ಅದರೊಳಗೆ ನೀರು ಸಂಗ್ರಹವಾಗಿರುವುದುಂಟು. ಕಡು ಬೇಸಗೆಯಲ್ಲಿಯೂ ಆ ಉಬ್ಬನ್ನು ಕತ್ತಿಯಿಂದ ಕಚ್ಚುಮಾಡಿದರೆ ನೀರು ಚಿಮ್ಮುವುದು. ಮರಗಳ ಮೈಮೇಲೆ ಬೆಳೆಯುವ ಸೀತಾಳೆದಂಡೆಗೆ ಮಣ್ಣಿನ ಆಶ್ರಯವೇ ಇಲ್ಲ. ಅದರ ಬೇರುಗಳ ಮೇಲೆ ಸ್ಪಂಜಿನಂತಹ ಬಿಳಿಯ ಹೊದಿಕೆಯಿದ್ದು ಮಳೆಹನಿಯನ್ನು ತಟ್ಟನೆ ಹೀರಿಕೊಳ್ಳುವುದು; ದಪ್ಪನಾದ ಎಲೆಯು ಅದನ್ನು ಜಿಪುಣನಂತೆ ಖರ್ಚುಮಾಡುವುದು.

ಹೆಬ್ಬಿದಿರಿನ ಉಪಾಯವು ಬೇರೆ. ಸುಮಾರು 40ರಿಂದ 50 ವರ್ಷಗಳ ವರೆಗೆ ಹೂವಿನ ಮಾತನ್ನೇ ಎತ್ತದೆ ಬೆಳೆದು, ಒಮ್ಮೆ ಸೀಮೆಯ ಮೆಳೆಗಳೆಲ್ಲ ಕೂಡಿ ಹೂವಾಗಿ, ಬಿದಿರಕ್ಕಿಯನ್ನು ಸುರಿದು, ಒಣಗಿ ಬೀಳುವುವು. ಇಲಿ, ಕಾಡುಕೋಳಿ, ಹಂದಿಗಳು ಎಷ್ಟು ತಿಂದರೂ ತೀರದಷ್ಟು ಬೀಜವು ಒಂದೇ ಬಾರಿಗೆ ಬೀಳುವುದರಿಂದ ಮುಂದಿನ ಪೀಳಿಗೆಗೆ ಬೇಕಾದುದು ಉಳಿದೇ ಉಳಿಯುವುದು.

ಇನ್ನು ಬಿಲ್ವದ ವಿಷಯದಲ್ಲಿ ಹೇಳಿದ ಆಶ್ಚರ್ಯ: ಮಳೆಗೆ ಮುಂಚೆಯೇ ಚಿಗುರುವುದೇಕೆ? ಆಳಕ್ಕಿಳಿದ ಬೇರಿನಿಂದಲೂ ಕಾಂಡದಲ್ಲಿ ಕೂಡಿಟ್ಟ ನೀರಿನಿಂದಲೂ ಅನೇಕ ಮರಗಳು ಚೈತ್ರ ವೈಶಾಖಗಳಲ್ಲಿಯೇ ಚಿಗುರುವುವು. ನೀಲಗಿರಿಯ ಬುಡದಲ್ಲಿರುವ ಮುದುಮಲೆಯ ಕಾಡಿನಲ್ಲಿ ಮುರಳಿ ಮತ್ತು ಸುಕುಮಾರ್ ಎಂಬ ವಿಜ್ಞಾನಿಗಳು ಇದನ್ನು ಪರೀಕ್ಷಿಸಿ 1993ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮಳೆಗೆ ಮುಂಚೆ ಚಿಗುರಿದ ಮರಗಳಿಗಿಂತ ತಡವಾಗಿ ಚಿಗುರಿದುವಕ್ಕೆ ಹುಳುಗಳ ಕಾಟವು ಹೆಚ್ಚೆಂದು ಅದರಿಂದ ತಿಳಿದುಬಂದಿತು. ಮಳೆ ಬಿದ್ದೊಡನೆ ಎಲೆಯನ್ನು ತಿನ್ನುವ ಹುಳುಗಳು ಲೆಕ್ಕವಿಲ್ಲದಷ್ಟು ಹುಟ್ಟುವುವು. ಅಷ್ಟರೊಳಗೆ ಎಲೆಯು ಬಲಿತು ಗಡುಸಾಗಿದ್ದರೆ ಮರವು ಗೆದ್ದಿತು. ಕಾಲವನ್ನರಿತು ನಡೆಯುವುದೇ ಈ ಕಾಡಿನ ದೊಡ್ಡ ವಿದ್ಯೆ.

ಪ್ರಾಣಿಗಳೂ ಇದೇ ಪಾಠವನ್ನು ಓದಿಕೊಂಡಿರುವುವು. ಬಸವನಹುಳುವು ಬೇಸಗೆಯಲ್ಲಿ ಚಿಪ್ಪಿನೊಳಕ್ಕೆ ಸೇರಿ, ಬಾಯಿಗೆ ಲೋಳೆಯ ಮುಚ್ಚಳವನ್ನು ಬಿಗಿದು ಮಳೆಯ ವರೆಗೆ ನಿದ್ರಿಸುವುದು. ಎರೆಹುಳುವು ಆಳಕ್ಕಿಳಿದು ಮುದುಡಿಕೊಳ್ಳುವುದು. ಕೆಲವು ಕಪ್ಪೆಗಳು ಮಣ್ಣೊಳಗೆ ಹುದುಗಿದ್ದು ಮೊದಲ ಮಳೆಯ ಸದ್ದಿಗೆ ಮೇಲೇಳುವುವು. ಸಂಜೆ ಹಾರುವ ಕಂದುಬಣ್ಣದ ಒಂದು ಜಾತಿಯ ಚಿಟ್ಟೆಗೆ ಎರಡು ಉಡುಪು: ಮಳೆಗಾಲದಲ್ಲಿ ಹುಟ್ಟಿದುದರ ರೆಕ್ಕೆಯಡಿಯಲ್ಲಿ ಕಣ್ಣಿನಂತಹ ಚುಕ್ಕೆಗಳು, ಒಣಕಾಲದಲ್ಲಿ ಹುಟ್ಟಿದುದಕ್ಕೆ ಆ ಚುಕ್ಕೆಗಳಡಗಿ, ಅದು ತರಗೆಲೆಯೇ ಎಂಬಂತೆ ಕಾಣುವುದು. ನತ್ತಿಂಗವೆಂಬ ಇರುಳಿನ ಹಕ್ಕಿಯು ಗೂಡನ್ನೇ ಕಟ್ಟದೆ ತರಗೆಲೆಗಳ ಮೇಲೆ ಮೊಟ್ಟೆಯಿಟ್ಟು ಕಾವು ಕೊಡುವುದು; ಅದರ ಗರಿಯ ಬಣ್ಣವು ಒಣಗಿದೆಲೆಯೊಂದಿಗೆ ಎಷ್ಟು ಬೆರೆಯುವುದೆಂದರೆ, ತುಳಿಯುವಷ್ಟು ಹತ್ತಿರಕ್ಕೆ ಹೋದರೂ ಕಾಣದು.

ಮೇಲಿನ ಕೊಂಬೆಗಳಲ್ಲಿ ಮುಸುವಗಳು ಚಿಗುರನ್ನೂ ಕಾಯನ್ನೂ ಅರ್ಧ ತಿಂದು ಅರ್ಧ ಕೆಡಹುವುವು. ಕೆಳಗೆ ಜಿಂಕೆಗಳು ಅದನ್ನಾಯ್ದು ತಿನ್ನುವುವು. ಹುಲ್ಲು ಒಣಗಿದ ದಿನಗಳಲ್ಲಿ ಜಿಂಕೆಗೆ ಇದೊಂದು ದೊಡ್ಡ ಆಸರೆ. ಹುಲಿ ಚಿರತೆಗಳ ಸುಳಿವನ್ನು ಮೇಲಿನವು ಕಂಡು ಕೂಗಿದರೆ ಕೆಳಗಿನವು ಓಡುವುವು. ಮಂಗಟ್ಟೆಹಕ್ಕಿಯು ಫಾಲ್ಗುಣದ ಸುಮಾರಿಗೆ ಹಳೆಯ ಮರದ ಪೊಟರೆಯನ್ನು ಸೇರುವುದು. ಹೆಣ್ಣು ಒಳಗೆ ಕುಳಿತು ಬಾಯನ್ನು ಮುಚ್ಚಿಕೊಂಡು ಕೊಕ್ಕಿನಷ್ಟು ಸೀಳನ್ನು ಮಾತ್ರ ಉಳಿಸಿಕೊಳ್ಳುವುದು. ಗಂಡು ಹಣ್ಣನ್ನು ತಂದು ಆ ಸೀಳಿನಿಂದ ಉಣಿಸುವುದು. ಅತ್ತಿ, ಬಸರಿ, ಗೋಳಿಗಳು ಬೇಸಗೆಯಲ್ಲಿಯೂ ಹಣ್ಣು ಬಿಡುವುದರಿಂದ ಈ ಸಂಸಾರವು ನಡೆಯುವುದು. ಪೊಟರೆಯಿರುವ ಮುದಿಮರವು ನಾಟಾ ವ್ಯಾಪಾರಿಗೆ ನಿಷ್ಪ್ರಯೋಜಕ. ಮಂಗಟ್ಟೆಗೆ ಅದೇ ತೊಟ್ಟಿಲು.

ಇಷ್ಟಾದ ಮೇಲೆ ನೆಲಕ್ಕೆ ಬಿದ್ದ ಎಲೆಯ ಗತಿಯೇನು? ಗೆದ್ದಲು ಅದನ್ನು ಹುತ್ತಕ್ಕೆ ಒಯ್ಯುವುದು. ಅಲ್ಲಿ ಅದು ಒಂದು ಬಗೆಯ ಬೂಷ್ಟನ್ನು ತೋಟದಂತೆ ಸಾಕಿ, ಅದರ ಸಹಾಯದಿಂದ ಎಲೆಯನ್ನೂ ಕಟ್ಟಿಗೆಯನ್ನೂ ಜೀರ್ಣಿಸಿಕೊಳ್ಳುವುದು. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯು ಆ ತೋಟದ ಫಲ. ಮೊದಲ ಮಳೆಗೆ ಏಳುವ ಈಸಲುಹುಳುಗಳು ಹಕ್ಕಿ, ಹಲ್ಲಿ, ಕಪ್ಪೆಗಳಿಗೆಲ್ಲ ಔತಣ. ಹುತ್ತವನ್ನು ಕೆದರಿ ಬದುಕುವ ಚಿಪ್ಪುಹಂದಿ, ಕರಡಿಗಳ ಹೊಟ್ಟೆಯೂ ಕಡೆಗೆ ಆ ಎಲೆಯಿಂದಲೇ ತುಂಬುವುದು. ಉಳಿದ ಎಲೆಯು ಮಳೆಯ ಪೆಟ್ಟನ್ನು ತಾನು ತಿಂದು, ಮಣ್ಣು ಕೊಚ್ಚಿಹೋಗದಂತೆ ತಡೆದು, ನೀರನ್ನು ಮೆಲ್ಲಮೆಲ್ಲನೆ ಒಳಕ್ಕಿಳಿಸಿ, ಕೊಳೆತು ಗೊಬ್ಬರವಾಗುವುದು. ಈ ಗೊಬ್ಬರವನ್ನೇ ಬೇರುಗಳು ಮರಳಿ ಮೇಲಕ್ಕೊಯ್ಯುವುವು. ಮರವು ತನ್ನ ಕಾಯಕದಿಂದ ಗಳಿಸಿದುದರಲ್ಲಿ ತನಗೆ ಬೇಕಾದಷ್ಟನ್ನು ಉಳಿಸಿಕೊಂಡು, ಮಿಕ್ಕುದನ್ನು ನೆಲಕ್ಕೆ ದಾಸೋಹ ಮಾಡುವುದೆಂದರೆ ಶರಣಧರ್ಮವನ್ನು ಬಲ್ಲವರಿಗೆ ಹೆಚ್ಚಿನ ವಿವರಣೆಯು ಬೇಡ.

ಈ ದಾಸೋಹದ ಪಂಕ್ತಿಯಲ್ಲಿ ಮನುಷ್ಯನೂ ಕುಳಿತಿರುವನು. ಅಡಕೆತೋಟವುಳ್ಳವರಿಗೆ ಸೊಪ್ಪಿನಬೆಟ್ಟವಿರುವುದು. ಹಸುರುಸೊಪ್ಪನ್ನೂ ದರಗನ್ನೂ ಅಲ್ಲಿಂದ ತಂದು, ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಗೊಬ್ಬರವನ್ನು ಮಾಡಿ ತೋಟಕ್ಕೆ ಹಾಕುವ ಪದ್ಧತಿಯು ತಲೆತಲಾಂತರದಿಂದ ಬಂದುದು. ಗುಡ್ಡದ ಎಲೆಯು ಕಣಿವೆಯ ತೋಟಕ್ಕೆ ಅನ್ನವಾಗುವ ಈ ಏರ್ಪಾಡು ಜಾಣತನದ್ದೇ ಸರಿ. ಹಿರಿಯರು ಮರದ ತುದಿಯನ್ನು ಬಿಟ್ಟು ಸೊಪ್ಪನ್ನು ಕಡಿಯುತ್ತಿದ್ದರು. ಈ ವರ್ಷ ಕಡಿದ ಮರಕ್ಕೆ ಮರುವರ್ಷ ಬಿಡುವು ಕೊಡುತ್ತಿದ್ದರು. ಆ ಮಿತಿಯು ತಪ್ಪಿದಲ್ಲಿ ಬೆಟ್ಟವು ಬೋಳಾಗುವುದು. ದರಗನ್ನೆಲ್ಲ ಗುಡಿಸಿ ತಂದಲ್ಲಿ ಮಳೆಯು ಮಣ್ಣನ್ನೇ ಗುಡಿಸಿಕೊಂಡು ಹೋಗುವುದು. ಕಾಡಿನ ಬೆಂಕಿಯು ಬಹುಮಟ್ಟಿಗೆ ಮನುಷ್ಯರ ಕೈಯಿಂದಲೇ ಹೊತ್ತುವಂತಹುದು. ದಪ್ಪ ತೊಗಟೆಯ ಮುದಿಮರವು ಅದನ್ನು ತಾಳಬಹುದು. ಆ ವರ್ಷದ ಸಸಿ, ನತ್ತಿಂಗದ ಮೊಟ್ಟೆ, ಮಣ್ಣಿನ ಹೊದಿಕೆ ಇವು ತಾಳಲಾರವು. ನೈಸರ್ಗಿಕ ಕಾಡಿದ್ದೆಡೆಯಲ್ಲಿ ಅಕೇಶಿಯವನ್ನು ಒತ್ತಾಗಿ ನೆಟ್ಟ ಗುಡ್ಡಗಳನ್ನೂ ಈ ಸೀಮೆಯಲ್ಲಿ ಕಾಣಬಹುದು. ಹೊರನಾಡಿನಿಂದ ಬಂದ ಆ ಮರದಲ್ಲಿ ಬೂರುಗದ ಮಧುವಿಲ್ಲ, ಅತ್ತಿಯ ಹಣ್ಣಿಲ್ಲ, ಮಂಗಟ್ಟೆಗೆ ಪೊಟರೆಯಿಲ್ಲ. ದೂರಕ್ಕೆ ಹಸುರಾಗಿ ಕಂಡರೂ ಪಂಕ್ತಿಯಲ್ಲಿ ಉಣ್ಣುವವರಿಗೆ ಅಲ್ಲಿ ಎಡೆಯಿಲ್ಲ.

ಎಲೆಯುದುರುವ ಕಾಲಕ್ಕೆ ಹೊಂದಿಕೊಂಡ ಜೀವಿಗಳೆಲ್ಲವೂ ಮನುಷ್ಯನಿಗೆ ಮಿತ್ರರೆಂದು ತಿಳಿಯುವುದೂ ಸರಿಯಲ್ಲ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಲಾಗಿ ಸತ್ತು, ಬಳಿಕ ಜನರಿಗೂ ಕಠಿನವಾದ ಜ್ವರವು ತಗಲಿತು. ಇದೇ ಮಂಗನ ಕಾಯಿಲೆ. ಇದರ ವಿಷಾಣುವನ್ನು ಹರಡುವುದು ಉಣುಗು. ಮಳೆಗಾಲದಲ್ಲಿ ಬಲಿತ ಉಣುಗು ದನಗಳ ಮೈಮೇಲೆ ರಕ್ತವನ್ನು ಹೀರಿ ನೆಲಕ್ಕೆ ಬಿದ್ದು, ಎಲೆಗಳ ಕೆಳಗೆ ಮೊಟ್ಟೆಯಿಡುವುದು. ಮಳೆಯು ನಿಂತ ಮೇಲೆ ಮರಿಗಳು ಹೊರಬೀಳುವುವು. ಡಿಸೆಂಬರಿನಿಂದ ಮೇ ತಿಂಗಳ ವರೆಗೆ, ಎಂದರೆ ಎಲೆಯುದುರುವ ಕಾಲದಲ್ಲಿಯೇ, ಸಣ್ಣ ಕಾಳಿನಂತಹ ಎಳೆಯ ಉಣುಗುಗಳು ಹೆಚ್ಚಾಗಿ ಕಡಿಯುವುವು. ದರಗನ್ನು ತರುವುದಕ್ಕೆ ಜನರು ಕಾಡಿಗೆ ಹೋಗುವ ಕಾಲವೂ ಅದೇ. ಎರಡು ಕಾಲಗಳೂ ಹೀಗೆ ಕೂಡಿದ್ದರಿಂದಲೇ ಎಷ್ಟೋ ಮನೆಗಳ ದೀಪವು ಆರಿತು. 2018ರ ಕೊನೆಯಿಂದ 2019ರ ವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಿನಲ್ಲಿ ಈ ಕಾಯಿಲೆಯಿಂದ ಹಲವರು ತೀರಿಕೊಂಡರು. ಜ್ವರ ಬಂದ ಮೇಲೆ ಅದನ್ನೇ ಗುರಿಯಾಗಿಟ್ಟು ಗುಣಪಡಿಸುವ ಔಷಧವಿಲ್ಲದಿರುವುದರಿಂದ ಮುನ್ನೆಚ್ಚರಿಕೆಯೇ ಮುಖ್ಯವಾದುದು.

ಆದುದರಿಂದ ಭಕ್ತರು ಮನಸ್ಸಿನಲ್ಲಿಡತಕ್ಕ ಕೆಲವು ಸಂಗತಿಗಳಿವೆ. ಉಣುಗಿನ ಕಾಲದಲ್ಲಿ ಕಾಡಿಗೆ ಹೋಗಲೇಬೇಕಾದವರು ಆರೋಗ್ಯ ಇಲಾಖೆಯವರು ಕೊಡುವ ಉಣುಗುನಿವಾರಕ ತೈಲವನ್ನು ಕೈಕಾಲುಗಳಿಗೆ ಹಚ್ಚಿ, ಮೈತುಂಬ ಬಟ್ಟೆಯನ್ನುಟ್ಟು ಹೋಗಬೇಕು. ಬಂದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನು ಒಗೆಯಬೇಕು. ದರಗಿನ ರಾಶಿಯನ್ನು ಮನೆಯ ಗೋಡೆಗೆ ಒತ್ತಿ ಹಾಕಬಾರದು. ಮಂಗವು ಸತ್ತು ಬಿದ್ದುದನ್ನು ಕಂಡರೆ ಮುಟ್ಟದೆ, ಕೂಡಲೇ ಆರೋಗ್ಯ ಕೇಂದ್ರಕ್ಕಾಗಲಿ ಅರಣ್ಯ ಇಲಾಖೆಗಾಗಲಿ ತಿಳಿಸಬೇಕು. ಜ್ವರವನ್ನು ಮನೆಮದ್ದಿನಲ್ಲಿ ಮುಚ್ಚಿಡದೆ ಆಸ್ಪತ್ರೆಗೆ ಹೋಗಬೇಕು. ಸೊಪ್ಪಿನಬೆಟ್ಟದಲ್ಲಿ ದರಗಿನ ಒಂದು ಪಾಲನ್ನು ನೆಲಕ್ಕೇ ಬಿಡಬೇಕು. ಪೊಟರೆಯ ಮರವನ್ನು ಸೌದೆಯ ಲೆಕ್ಕಕ್ಕೆ ಸೇರಿಸಬಾರದು. ಬೇಸಗೆಯಲ್ಲಿ ಬೀಡಿಯ ತುಂಡನ್ನಾಗಲಿ ಜೇನಿನ ಸೂಡಿಯನ್ನಾಗಲಿ ಕಾಡಿನಲ್ಲಿ ಎಸೆದು ಬರಬಾರದು.

ಇವು ಸಣ್ಣ ಮಾತುಗಳೆಂದು ಯಾರೂ ತಿಳಿಯಬಾರದು. ಅಂಬುತೀರ್ಥದಲ್ಲಿ ಹುಟ್ಟಿ ಮೂರು ತಾಲ್ಲೂಕುಗಳ ಮಣ್ಣನ್ನು ತೊಳೆದು ಜೋಗದಲ್ಲಿ ಧುಮುಕುವ ಶರಾವತಿಯು ಬೇಸಗೆಯಲ್ಲಿಯೂ ಹರಿಯಬೇಕಾದರೆ ಮೇಲಿನ ಗುಡ್ಡಗಳು ಮಳೆಯ ನೀರನ್ನು ಹಿಡಿದಿಟ್ಟಿರಬೇಕು. ಗುಡ್ಡವು ನೀರನ್ನು ಹಿಡಿಯಬೇಕಾದರೆ ಅದರ ಮೇಲೆ ತರಗೆಲೆಯ ಹೊದಿಕೆಯಿರಬೇಕು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಕಣಿವೆಯ ಎಷ್ಟೋ ಊರುಗಳೂ ಕಾಡೂ ನೀರಿನಡಿಗೆ ಸಂದುವು. ಉಳಿದ ಕಾಡು ಅಷ್ಟರಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು.

ಬಿಲ್ವವು ಬರಿದಾದ ದಿನಗಳಲ್ಲಿ ಪೂಜಕನು ಇರುವ ಒಂದು ದಳದಿಂದಲೇ ತೃಪ್ತನಾಗುವನು. ಚಿಗುರುವ ಕೊಂಬೆಯನ್ನು ಮುರಿಯನು. ಅದೇ ಸಂಯಮವನ್ನು ಅವನು ಗುಡ್ಡದ ತೇಗ, ಮತ್ತಿ, ಹೊನ್ನೆಗಳಿಗೂ ತೋರಿದರೆ ಕಾಡು ತನ್ನ ಕಾಲಕ್ಕೆ ತಾನು ಚಿಗುರುವುದು. ಅವನ ತೋಟಕ್ಕೂ ಕೊಟ್ಟಿಗೆಗೂ ಬೇಕಾದ ಎಲೆಯು ವರುಷ ವರುಷವೂ ಬೀಳುತ್ತಿರುವುದು.